ಅಂಗಳದ ಕೆಮ್ಮು

ಮನುಷ್ಯರು ಒಬ್ಬರ ಕಣ್ಣಿಗೊಬ್ಬರು ಕಾಣದಂತಾದ ಮೇಲೆ, ಎಲ್ಲಿಗೆ ಹೋದರೂ ಗಂಟಲು ಸರಿಮಾಡಿಕೊಂಡೇ ಹೋಗುವುದು ರೂಢಿಯಾಗಿತ್ತು. ಉಟ್ಟ ಬಟ್ಟೆ, ಹಿಡಿದ ಚೀಲ ಎಲ್ಲವೂ ಮೈಯ ಜೊತೆಗೇ ಮಾಯ. ಬಸ್ಸಿನಲ್ಲಿ ಖಾಲಿ ಸೀಟೆಂದು ಯಾರದೋ ತೊಡೆಯ ಮೇಲೆ ಕೂತು ಬೈಸಿಕೊಂಡು, ದಿನವಿಡೀ ಕೆಮ್ಮಿ ಗಂಟಲು ಹರಿದುಕೊಂಡು, ನೀಲವ್ವ ಸಂಜೆ ಮನೆಗೆ ಬಂದಳು.

ಹೊಸ್ತಿಲಲ್ಲಿ ಕೆಮ್ಮಿದಳು. ಒಳಗಿನಿಂದ ಕೋಲಿನ ಸದ್ದು ಬರಲಿಲ್ಲ. ಗಂಟಲಿನ ಆಪರೇಶನ್ ಆದಂದಿನಿಂದ ಮಾವ ಬಸಲಿಂಗಪ್ಪನವರಿಗೆ ಕೋಲು ಕುಟ್ಟುವುದೇ ಕೆಮ್ಮು. ಎಲ್ಲರೂ ಕಾಣುತ್ತಿದ್ದ ಕಾಲದಲ್ಲೇ ಅವರು ಅಂಗಳದಲ್ಲಿ ಕೆಮ್ಮಿ, ಹೆಂಗಸರು ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ನಿಂತು, ಆಮೇಲೆ ಒಳಗೆ ಬರುತ್ತಿದ್ದವರು.

ಹೊರಗೆ ಹೋಗಿರಬೇಕೆಂದು ನೀಲವ್ವ ಗೋಡೆಗೊರಗಿ ಕುಸಿದು ಕೂತಳು.

"ಸಾಕಾಗೇತಿ ಶಿವನೇ," ಎಂದು ಅಳುತ್ತಲೇ ಗೊಣಗಿದಳು. "ಮಾತಾಡಾಕ ಅಂಜಿಕಿ, ಅಳಾಕ ಅಂಜಿಕಿ. ಈ ಮುದುಕ ಯಾವ ಮೂಲ್ಯಾಗ ಕುಂತಾನೋ ಅಂತ ದಿನಾ ಜೀವ ಹಿಡ್ಕೊಂಡಿರೋದಾತು. ಎಲ್ಲ್ಯಾರ ಹೋಗಿಬಿಡಬಾರದ?"

ಮೂಲೆಯ ಮಂಚ ಕಿರುಗುಟ್ಟಿತು. ನಿದ್ದೆ ಹೋಗಿದ್ದ ಮಾವ ಯಾವಾಗ ಎದ್ದರೋ, ಏನೇನು ಕೇಳಿದರೋ. ಬಾಗಿಲ ಪರದೆ ಮೆಲ್ಲಗೆ ಹೊರಕ್ಕೆ ಸರಿದು ಬಿತ್ತು. ನೀಲವ್ವ ದಡಕ್ಕನೆ ಎದ್ದು ನಿಂತಳು.

ಆಗ ಅಂಗಳದಲ್ಲಿ ಕೋಲು ಠಕ್ ಠಕ್ ಎಂದಿತು, ಈಗಷ್ಟೇ ಪ್ಯಾಟಿಯಿಂದ ಬಂದವರ ಹಾಗೆ. ಆಮೇಲೆ ಸುಮ್ಮನಾಯಿತು. ಅವರು ಕಾಯುತ್ತಿದ್ದರು.

"ಬರ್ರಿ ಮಾವಾರ, ಚಾ ಇಡ್ತೀನಿ," ಎಂದ ನೀಲವ್ವ, ಯಾರಿಗೂ ಕಾಣದ ಸೆರಗನ್ನು ತಲೆಯ ಮೇಲೆಳೆದುಕೊಂಡಳು.