ಹರಿಗೋಲಿನ ಮುಂಭಾಗ

"ಮುಂಭಾಗ ಯಾವುದಮ್ಮ?" ಮೀನುಗಾರಿಕೆ ಇಲಾಖೆಯ ಇನ್ಸ್‌ಪೆಕ್ಟರ್ ಅನಂತಪದ್ಮನಾಭ ಮೂರನೆಯ ಸಲ ಕೇಳಿದರು. ದೇವಿರಮ್ಮ ಕೆರೆಯ ದಂಡೆಯಲ್ಲಿ ಬೋರಲು ಹಾಕಿದ್ದ ತನ್ನ ಹರಿಗೋಲನ್ನು ಒಂದು ಸುತ್ತು ಬಂದು ನೋಡಿದಳು. ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲು. ಎತ್ತ ಕಡೆಯಿಂದ ನೋಡಿದರೂ ಅದು ಅಷ್ಟೇ ಗುಂಡಗಿತ್ತು.

"ರಾಗಿರೊಟ್ಟಿಗೆ ಮುಂದ್ಗಡೆ ಹಿಂದ್ಗಡೆ ಅಂತ ಇದ್ದದಾ ಸ್ವಾಮಿ? ಇದೂ ಅಂಗೇಯ" ಎಂದಳು.

ಅನಂತಪದ್ಮನಾಭರು ಕೆಟ್ಟವರಲ್ಲ. ಆದರೆ ಕೈಗೆ ಬಂದ ಫಾರಮಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟವರೂ ಅಲ್ಲ. ಏಕೀಕರಣವಾಗಿ ಎರಡು ವರ್ಷವಾಗಿತ್ತು. ಸಮುದ್ರದ ದೋಣಿಗಳಿಗೆಂದು ಅಚ್ಚಾದ ಫಾರಂ ಹೇಗೋ ಮೈಸೂರಿನ ಕೆರೆಗೂ ಬಂದು ಸೇರಿತ್ತು. ದೋಣಿಯ ಮುಂಭಾಗದಲ್ಲಿ ನಂಬರು ಬರೆಯತಕ್ಕದ್ದು. ನಂಬರಿಲ್ಲದ ದೋಣಿ ನಾಳೆ ಬೆಳಗ್ಗೆಯಿಂದ ನೀರಿಗೆ ಇಳಿಯತಕ್ಕದ್ದಲ್ಲ. ದೇವಿರಮ್ಮನಿಗೆ ಓದು ಬಾರದು, ಆದರೂ ಆ 'ಇಳಿಯತಕ್ಕದ್ದಲ್ಲ' ಚೆನ್ನಾಗಿ ಅರ್ಥವಾಗಿತ್ತು. ಹರಿಗೋಲು ದಡದಲ್ಲಿ ಒಣಗಿದರೆ ಅವಳ ಮನೆಯ ಒಲೆಯೂ ಆರಿದಂತೆಯೇ.

ಅಷ್ಟು ದೂರದಲ್ಲಿ ಬೇವಿನ ಮರದ ಬುಡಕ್ಕೆ ಅವಳ ಗಂಡ ಚಿಕ್ಕಣ್ಣ ಬೆನ್ನು ತಿರುಗಿಸಿ ಕೂತಿದ್ದ. ಹೋದ ವರ್ಷ ಬಲಗೈ ಮುರಿದಿತ್ತು. ಮೂಳೆ ಕೂಡಿಕೊಂಡರೂ ಕೈ ಭುಜದ ಮಟ್ಟಕ್ಕೆ ಏಳಲಿಲ್ಲ. ಅಂದಿನಿಂದ ಹುಟ್ಟು ಹಾಕುವವಳು ದೇವಿರಮ್ಮ. ಹೆಂಡತಿ ಹುಟ್ಟು ಹಾಕುವಾಗ ತಾನು ಮೂಟೆಯ ಹಾಗೆ ಕೂರುವುದೇ ಎಂದು ಅವನು ಮತ್ತೆ ಹರಿಗೋಲಿಗೆ ಕಾಲಿಟ್ಟಿರಲಿಲ್ಲ. ದಿನಾ ದಂಡೆಯವರೆಗೆ ಬರುತ್ತಿದ್ದ, ನೀರಿನ ಕಡೆ ಮಾತ್ರ ನೋಡುತ್ತಿರಲಿಲ್ಲ.

"ಇಳಿಸಮ್ಮ, ನಾನೂ ಬರ್ತೀನಿ. ಹೋಗುವಾಗ ಯಾವುದು ಮುಂದೆ ಇರುತ್ತೋ ಅದೇ ಮುಂಭಾಗ" ಎಂದು ಇನ್ಸ್‌ಪೆಕ್ಟರು ತೀರ್ಮಾನ ಮಾಡಿದರು. ಆಚೆ ದಡದ ಬೆಟ್ಟದ ಕಡೆಗಿದ್ದ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೊಡೆ, ಫಾರಂ ಸಮೇತ ಹತ್ತಿ ಕೂತರು. ದೇವಿರಮ್ಮ ಜೊಂಡು ತಪ್ಪಿಸಿ ಎರಡು ಹುಟ್ಟು ಹಾಕುವಷ್ಟರಲ್ಲಿ ಗೆರೆ ಎಡಕ್ಕೆ ಬಂತು. ಇನ್ನೆರಡಕ್ಕೆ ಅವರ ಬೆನ್ನ ಹಿಂದೆ ಹೋಯಿತು. ಅವರು ಹೊಸದೊಂದು ಗೆರೆ ಎಳೆದರು, ಅದೂ ಹಾಗೇ ಸುತ್ತಿಕೊಂಡು ಹೋಯಿತು. ದಂಡೆಗೆ ಹತ್ತಿರದ ಜೊಂಡಿನ ಮೂಲೆ ಮುಟ್ಟುವ ಹೊತ್ತಿಗೆ ಹರಿಗೋಲಿಗೆ ಐದು ಮುಂಭಾಗಗಳಾಗಿದ್ದವು.

"ಆಗೋಲ್ಲಮ್ಮ." ಅವರ ದನಿ ನಿಜವಾದ ಬೇಸರದಲ್ಲೇ ಇಳಿದಿತ್ತು. "ಈ ಕಾಲಂ ಖಾಲಿ ಬಿಟ್ಟು ನಾನು ನಂಬರು ಕೊಡೋ ಹಾಗಿಲ್ಲ."

ದೇವಿರಮ್ಮ ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ಅದೇ ಗಳಿಗೆಗೆ ಅವಳ ಕಾಲ್ಬೆರಳಿಗೆ ಸುತ್ತಿದ್ದ ಗಾಳದ ದಾರ ಬಿಗಿಯಿತು. ನೀರಿಗಿಳಿದ ಮೇಲೆ ಗಾಳ ಬಿಡದೆ ಇರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ, ಎದುರಿಗೆ ಇನ್ಸ್‌ಪೆಕ್ಟರು ಕೂತಿದ್ದರೂ ಸರಿಯೇ. ಸೊಂಟಮಟ್ಟದ ನೀರಿನಲ್ಲಿ ಒಂದು ಬಾಳೆಮೀನು ಹೊರಳಿತು. ಅದರ ಬೆನ್ನು ಅವಳ ತೋಳಿಗಿಂತ ದಪ್ಪವಿತ್ತು. ಅಷ್ಟು ದೊಡ್ಡದನ್ನು ಚಿಕ್ಕಣ್ಣ ಕೂಡ ಎಂದೂ ಹಿಡಿದಿರಲಿಲ್ಲ. ಮೀನು ಎಳೆಯಿತು, ಹರಿಗೋಲು ಬೀಸುವ ಕಲ್ಲಿನಂತೆ ತಿರುಗಿತು, ಕೊಡೆ ನೀರು ಪಾಲಾಯಿತು.

"ನಡೂಮಧ್ಯ ಕೂತ್ಕಳಿ ಸ್ವಾಮಿ, ಮಿಸುಕಬ್ಯಾಡಿ" ಎಂದಳು. ಅವರು ಮಿಸುಕಲಿಲ್ಲ. ದೇವಿರಮ್ಮ ಹುಟ್ಟನ್ನು ಕೆಸರಿಗೆ ಊರಿ ಹರಿಗೋಲನ್ನು ತಡೆದು ನಿಲ್ಲಿಸಿದಳು, ಇನ್ನೊಂದು ಕೈಗೆ ದಾರ ಸುತ್ತಿಕೊಂಡಳು.

"ಸಡ್ಲ ಬುಡಮ್ಮಿ, ಜೊಂಡಿಗೆ ಸುತ್ಕತ್ತದೆ!"

ದಡದಿಂದ ಬಂದ ಕೂಗು ಚಿಕ್ಕಣ್ಣನದು. ಅವನು ಎದ್ದು ನಿಂತು ನೀರಿನ ಕಡೆಗೆ ನೋಡುತ್ತಿದ್ದ. ಒಂದು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ಅವಳಿಗೆ ಎಲ್ಲಿಲ್ಲದ ಬಲ ಬಂತು. ಸಡಿಲ ಬಿಟ್ಟಳು, ಎಳೆದಳು, ಮತ್ತೆ ಬಿಟ್ಟಳು. ಮೀನು ದಣಿದ ಗಳಿಗೆ ನೋಡಿ ಕಿವಿರಿಗೆ ಕೈ ಹಾಕಿ ಒಳಗೆ ಎತ್ತಿದಳು. ಅದು ಹೋಗಿ ಬಿದ್ದದ್ದು ಇನ್ಸ್‌ಪೆಕ್ಟರ ಮಡಿಲಿಗೆ. ಕೆಲಸಕ್ಕೆ ಸೇರಿ ಹತ್ತು ವರ್ಷವಾದರೂ ಮೀನನ್ನು ಕಾಗದದ ಮೇಲಲ್ಲದೆ ಮುಟ್ಟದ ಅನಂತಪದ್ಮನಾಭರು, ಅದು ಹಾರಿ ಹೋಗದಂತೆ ಎರಡೂ ಕೈಯಲ್ಲಿ ಅಪ್ಪಿ ಹಿಡಿದರು.

ವಾಪಸು ಬರುವಾಗ ಅವರು ಮೀನಿನ ಮೇಲಿಂದ ಅವಳನ್ನೇ ನೋಡುತ್ತಿದ್ದರು. ಹರಿಗೋಲು ಎತ್ತ ತಿರುಗಿದರೂ ಅವಳು ಮಂಡಿ ಸರಿಸಿ ಸರಿಸಿ ದಡಕ್ಕೇ ಮುಖ ಮಾಡುತ್ತಿದ್ದಳು. ಸೀಮೆಸುಣ್ಣದ ಗೆರೆಗಳು ಸುತ್ತಿದವು, ಅವಳು ಮಾತ್ರ ಮುಂದೆಯೇ ಇದ್ದಳು. ಇನ್ಸ್‌ಪೆಕ್ಟರು ಒದ್ದೆಯಾದ ಫಾರಂ ಬಿಡಿಸಿ, ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಮುಂಭಾಗ: ದೇವಿರಮ್ಮ."

ಚಿಕ್ಕಣ್ಣ ಮಂಡಿಯವರೆಗೆ ನೀರಿಗಿಳಿದು ಬಂದು ಎಡಗೈಯಲ್ಲಿ ಹರಿಗೋಲಿನ ಅಂಚು ಹಿಡಿದುಕೊಂಡ. ನಂಬರನ್ನು ಎಲ್ಲಿ ಬರೆಯಬೇಕೆಂದು ಯಾರೂ ಕೇಳಲಿಲ್ಲ. ದೇವಿರಮ್ಮ ಹುಟ್ಟನ್ನು ಚಾಚಿದಳು, ಇನ್ಸ್‌ಪೆಕ್ಟರು ಅದರ ಅಲಗಿನ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಎಂದು ಬರೆದರು. ಆಮೇಲೆ ಅಭ್ಯಾಸಬಲದಿಂದ ಫಾರಂ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು.

"ಇನ್ನೊಂದು ಕಾಲಂ ಇದೆಯಲ್ಲಮ್ಮ. ಹಿಂಭಾಗ."

ದೇವಿರಮ್ಮ ಬಾಯಿ ತೆರೆಯುವ ಮೊದಲೇ ಚಿಕ್ಕಣ್ಣ ಹರಿಗೋಲಿನೊಳಕ್ಕೆ ಒಂದು ಕಾಲು ಇಟ್ಟ.

"ಅಲ್ಲಿ ನನ್ನೆಸರು ಬರ್ಕಳಿ ಸ್ವಾಮಿ. ನಾಳಿಂದ ಅಲ್ಲಿ ಕೂರೋನು ನಾನೇಯ."