ಆರನೆಯವನ ಜಾಗ

ಐದೇ ಜನ ಕುಣಿಯುವುದನ್ನು ನಜೀರ್ ಸಾಹೇಬರಿಂದ ನೋಡಲಾಗಲಿಲ್ಲ. ಈ ಸಾಲಿನಲ್ಲಿ ಮೂವರು, ಎದುರು ಸಾಲಿನಲ್ಲಿ ಇಬ್ಬರು, ಆ ಇಬ್ಬರ ನಡುವೆ ಒಬ್ಬ ಆಳು ನಿಲ್ಲುವಷ್ಟು ಬರೀ ಹುಲ್ಲು. ಆನ್ ಆರ್ಬರಿನ ಪಾರ್ಕಿನಲ್ಲಿ, ಮೇ ತಿಂಗಳ ಎಳೆ ಬಿಸಿಲಿಗೆ, ಬಿಳಿ ಬಟ್ಟೆ ತೊಟ್ಟು ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿದ ಅಮೆರಿಕನ್ನರು ಎರಡೂ ಕೈಯಲ್ಲಿ ಕರವಸ್ತ್ರ ಬೀಸುತ್ತ ನೆಗೆಯುತ್ತಿದ್ದರು. ಒಬ್ಬ ಅಕಾರ್ಡಿಯನ್ ನುಡಿಸುತ್ತಿದ್ದ. ಇದು ಇಂಗ್ಲೆಂಡಿನ ಹಳ್ಳಿಗಾಡಿನ ಹಳೇ ಕುಣಿತ, ಆರು ಜನರದ್ದು ಎಂದು ಮೊಮ್ಮಗಳು ಇನಾಯಾ ಬೋರ್ಡು ಓದಿ ಹೇಳಿದ್ದಳು.

"ಆರ ಮಂದಿ ಅಂತ ಬರದು ಐದ ಮಂದಿ ಕುಣದ್ರ ಹೆಂಗ, ಬೇಟಿ?"

"ಐ ಡೋಂಟ್ ನೋ, ದಾದಾ." ಅವಳ ಮುಖ ಇನ್ನೂ ಊದಿಕೊಂಡೇ ಇತ್ತು.

ಮುನಿಸಿಗೆ ಕಾರಣ ಕಾರಿನ ಕೀ. ಹದಿನೈದು ತುಂಬಿ, ಡ್ರೈವಿಂಗ್ ಕಲಿಯುವ ಪರ್ಮಿಟ್ ಕೈಗೆ ಬಂದು ಎರಡು ತಿಂಗಳಾಗಿತ್ತು. ಆದರೆ ಅವಳು ಡ್ರೈವ್ ಮಾಡಬೇಕಾದರೆ ಪಕ್ಕದ ಸೀಟಿನಲ್ಲಿ ದೊಡ್ಡವರೊಬ್ಬರು ಕೂತಿರಬೇಕು. ದಾದಾನ ಕಾರಿನಲ್ಲಿ ಆ ಸೀಟು ದಾದಿಯದು. ಹೋದ ಜೂನಿನಲ್ಲಿ ಸಾಹೇಬರ ಹೆಂಡತಿ ಆಬಿದಾ ತೀರಿಕೊಂಡ ಮೇಲೆ ಅಲ್ಲಿ ಅವರ ಶಾಲು ಮಾತ್ರ ಕೂರುತ್ತಿತ್ತು. ಬೇರೆಯವರಿರಲಿ, ಸ್ವತಃ ನಜೀರ್ ಸಾಹೇಬರೂ ಅಲ್ಲಿ ಕೂರಲು ಒಪ್ಪುತ್ತಿರಲಿಲ್ಲ. ಒಂದು ವಾರ ಟ್ರಾಫಿಕ್ಕು, ಇನ್ನೊಂದು ವಾರ ಮಂಡಿನೋವು. ಇವತ್ತೂ ಏನೋ ಒಂದು ನೆವ ಹೇಳಿ ಮನೆಯಿದ್ದ ಕ್ಯಾಂಟನ್ನಿನಿಂದ ತಾವೇ ಓಡಿಸಿಕೊಂಡು ಬಂದಿದ್ದರು. ಹುಡುಗಿ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಬಂದಿದ್ದಳು.

ಗೆಜ್ಜೆಯ ಸದ್ದು ಮಾತ್ರ ಸಾಹೇಬರನ್ನು ಸುಮ್ಮನೆ ಕೂರಗೊಡಲಿಲ್ಲ. ಗದಗ ಕಡೆಯ ಅವರ ಹಳ್ಳಿಯಲ್ಲಿ ಮೊಹರಮ್ಮಿನ ಹೆಜ್ಜೆ ಮೇಳವೂ ಹೀಗೇ. ಕಾಲಿಗೆ ಗೆಜ್ಜೆ, ಕೈಗೆ ಕರವಸ್ತ್ರ, ಎದುರುಬದುರು ಸಾಲು. ಅಲ್ಲಿ ಒಂದು ಕಟ್ಟಳೆ ಇತ್ತು. ಸಾಲು ಮುರಿಯಬಾರದು. ಯಾರಾದರೂ ದಣಿದು ಹೊರಬಿದ್ದರೆ, ನೋಡುತ್ತ ನಿಂತವನು, ಯಾವ ಜಾತಿಯವನೇ ಇರಲಿ, ಧೋತರ ಎತ್ತಿ ಕಟ್ಟಿ ಒಳಗೆ ಬರಬೇಕು. ಕರೆಯುವವರೆಗೆ ಕಾಯುವವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತಿತ್ತು.

ಸಾಹೇಬರು ಜೇಬಿನಿಂದ ಕರವಸ್ತ್ರ ತೆಗೆದು ಕೊಡವಿದರು.

"ದಾದಾ, ನೋ! ಪ್ಲೀಸ್!"

ಅಷ್ಟರಲ್ಲಿ ಅರವತ್ತಾರರ ದಾದಾ ಹುಲ್ಲಿನ ಮೇಲಿದ್ದರು. ಹೆಜ್ಜೆ ಬೇರೆ, ತಾಳ ಮಾತ್ರ ಹೆಚ್ಚುಕಡಿಮೆ ನಮ್ಮದೇ. ತಿರುಗುವಲ್ಲಿ ಎರಡು ಸಲ ತಪ್ಪಿದರೂ ಸುಧಾರಿಸಿಕೊಂಡರು. ಎದುರಿನವನು ಒಂದು ಗಳಿಗೆ ತಬ್ಬಿಬ್ಬಾದ, ಆದರೆ ಕುಣಿತ ನಿಲ್ಲಿಸಲಿಲ್ಲ. ಅವನ ಕಣ್ಣು ಒದ್ದೆಯಾದದ್ದನ್ನು ಸಾಹೇಬರು ಬೆವರು ಎಂದುಕೊಂಡರು.

ಸಂಗೀತ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಕಾರ್ಡಿಯನ್ನಿನವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. ಅದು ವಾಲ್ಟರ್‌ನ ಜಾಗ. ಮೂವತ್ತು ವರ್ಷ ಅಲ್ಲೇ ಕುಣಿದವನು ಫೆಬ್ರವರಿಯಲ್ಲಿ ಹೋಗಿಬಿಟ್ಟ. ತಂಡದವರೊಬ್ಬರು ತೀರಿಕೊಂಡರೆ, ವಸಂತದ ಮೊದಲ ಕುಣಿತದಲ್ಲಿ ಅವರ ಜಾಗ ಖಾಲಿ ಬಿಟ್ಟು ಕುಣಿಯುವುದು ತಮ್ಮ ಪದ್ಧತಿ. ಅಗೋ, ಅಲ್ಲಿ ಕೂತಿರುವುದು ಅವನ ಹೆಂಡತಿ.

ಸಾಹೇಬರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹನ್ನೊಂದು ತಿಂಗಳಿಂದ ಒಂದು ಸೀಟು ಕಾಯುತ್ತಿರುವ ಮನುಷ್ಯ ತಾನು, ಇನ್ನೊಬ್ಬರ ಅಂಥದೇ ಜಾಗಕ್ಕೆ ಚಪ್ಪಲಿ ಕಾಲಲ್ಲಿ ನುಗ್ಗಿಬಿಟ್ಟೆನಲ್ಲ! ಕರವಸ್ತ್ರವನ್ನು ಮುದ್ದೆ ಮಾಡಿ ಹಿಡಿದುಕೊಂಡು ಆ ಬೆಳ್ಳಿಗೂದಲ ಹೆಂಗಸಿನ ಎದುರು ಹೋಗಿ ನಿಂತರು. ಆಕೆಯ ಪಕ್ಕದ ಕುರ್ಚಿಯ ಮೇಲೆ ಹೂವು ಸಿಕ್ಕಿಸಿದ ಗಂಡಸರ ಟೋಪಿ ಇತ್ತು.

ತಮಗೆ ಬಂದ ಇಂಗ್ಲಿಷಿನಲ್ಲಿ, "ತಪ್ಪಾಯ್ತು ಮೇಡಮ್. ಖಾಲಿ ಕಂಡಿತು, ಕೇಳದೆ ಹೋದೆ," ಎಂದರು.

"ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ," ಎಂದಳು ಆಕೆ. ಆಮೇಲೆ ಅವರ ಮುಖವನ್ನೇ ನೋಡಿದಳು. "ತಿರುಗುವಲ್ಲಿ ತಪ್ಪಿದಿರಿ."

"ಹೌದು. ಎರಡು ಸಲ."

"ವಾಲ್ಟರ್ ಕೂಡ ಅಲ್ಲೇ ತಪ್ಪುತ್ತಿದ್ದ. ಮೂವತ್ತು ವರ್ಷ!" ಆಕೆ ನಕ್ಕಳು, ನಗುನಗುತ್ತಲೇ ಅತ್ತಳು. ಕಣ್ಣೊರೆಸಿಕೊಂಡು ಹೇಳಿದಳು, "ಈಗ ಮತ್ತೊಮ್ಮೆ ಕುಣಿಯುತ್ತಾರೆ. ಈ ಸಲ ಅವನ ಜಾಗ ಅವನಿಗೇ ಇರಲಿ. ನೀವು ಇಲ್ಲಿ ಕೂತು ನೋಡಿ."

ಎಂದವಳು ಪಕ್ಕದ ಕುರ್ಚಿಯ ಮೇಲಿದ್ದ ಟೋಪಿಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸಾಹೇಬರು ಒಂದು ಕ್ಷಣ ಹಿಂದೆಮುಂದೆ ನೋಡಿ ಕೂತರು. ಐದು ಜನ ಕುಣಿದು ಮುಗಿಸುವವರೆಗೂ ಇಬ್ಬರೂ ಆ ಖಾಲಿ ಜಾಗವನ್ನೇ ನೋಡಿದರು.

ಪಾರ್ಕಿಂಗ್ ಲಾಟಿನಲ್ಲಿ ಇನಾಯಾ ಎಂದಿನಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ದಾದಾ ಕೀ ಅವಳತ್ತ ಚಾಚಿದರು.

"ರಿಯಲಿ?"

"ಹೂಂ. ಸಾವಕಾಶ ಹೊಡಿ."

ಅವರು ಸುತ್ತು ಹಾಕಿ ಬಲಬದಿಯ ಬಾಗಿಲು ತೆರೆದು, ಶಾಲು ಎತ್ತಿ ಎದೆಗವಚಿಕೊಂಡು ಕೂತರು. ಸೀಟು ಆಬಿದಾ ಕೂತಂತೆಯೇ ಮುಂದಕ್ಕಿತ್ತು. ನೋವಿನ ಮಂಡಿಗಳೆರಡೂ ಡ್ಯಾಶ್‌ಬೋರ್ಡಿಗೆ ತಾಗಿದವು.

"ದಾದಾ, ಸೀಟ್ ಹಿಂದೆ ಪುಶ್ ಮಾಡಿ. ಕೆಳಗೆ ಲಿವರ್ ಇದೆ."

"ಬ್ಯಾಡ ಬೇಟಿ. ಇದು ನಿಮ್ಮ ದಾದಿ ಅಳತಿ," ಎಂದರು ಸಾಹೇಬರು, ಕಾಲು ಮಡಚಿಕೊಳ್ಳುತ್ತ. "ನಾನಽ ಸಣ್ಣಾಗತೀನಿ. ನೀ ನಡಿ."