ಕರಿಯನ ಕಾಲಿನ ಲಾಳ

ಮಕ್ಕಳೇ, ನೀವು ಅಟ್ಟದಿಂದ ತಂದು ಇದೇನಜ್ಜಿ ಎಂದು ಕೇಳಿದ ತುಕ್ಕು ಹಿಡಿದ ಲಾಳ ಈಗಲೂ ನನ್ನ ಮಡಿಲಲ್ಲಿದೆ.

ಅದು ನಮ್ಮ ಓಟದ ಎತ್ತು ಕರಿಯನದು. ಎರಡು ಹಲ್ಲಿನ ಎಳೆ ಪ್ರಾಯಕ್ಕೇ ಮೂರು ಒಂಟೆತ್ತಿನ ಗಾಡಿ ಓಟ ಗೆದ್ದಿದ್ದ. ದುದ್ದ ಎಂಬ ಊರಿನ ಓಟದ ಬೆಳಿಗ್ಗೆ, ಹೊಸ ಲಾಳಕ್ಕೆ ಹಿಡಿತ ಜಾಸ್ತಿ ಎಂದು ಅಪ್ಪ ಲಾಳ ಕಟ್ಟಿಸಿದ. ಕರಿಯನನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿದ್ದರು. ಕೊಂಬು ಹಿಡಿದು ಕೂತವಳು ನಾನು. ಕಡೆಯ ಮೊಳೆ ಹೊಡೆದಾಗ ಅವನ ಮೈಯೆಲ್ಲ ನಡುಗಿತು. ಮುಂಗಾಲಿನ ಗೊರಸಿನಲ್ಲಿ ರಕ್ತ ಜಿನುಗಿತು. ಲಾಳ ಕಟ್ಟುವವನು ಅದಕ್ಕೆ ಮಣ್ಣು ಒತ್ತಿ, "ಏನೂ ಆಗಿಲ್ಲ, ಸುಮ್ಕಿರವ್ವ" ಎಂದ. ಅಷ್ಟು ಗಂಡಸರ ನಡುವೆ ಬಾಯಿ ಬಿಡಲು ನಾಚಿಕೊಂಡು ಸುಮ್ಮನಿದ್ದೆ.

ಮಧ್ಯಾಹ್ನ ಅರ್ಧ ಓಟದಲ್ಲೇ ಕರಿಯ ಕುಂಟಿದ.

"ಕಳ್ಳಾಟ ಆಡ್ತಾವ್ನೆ! ಚುಚ್ಚು ಅಣ್ಣೋ, ಬುಡಬ್ಯಾಡ!" ಎಂದು ಚಿಕ್ಕಪ್ಪ ಕಿರುಚಿದ.

ಗಾಡಿ ಹೊಡೆಯುತ್ತಿದ್ದ ಅಪ್ಪ ಬಾರುಕೋಲಿನ ಮೊಳೆಯಿಂದ ಅವನ ತೊಡೆಗೆ ತಿವಿದ. ಚರ್ಮ ಹರಿದರೂ ಬಿಡದೆ ಬಾಲ ಕಚ್ಚಿದ. ಕರಿಯ ಅರಚಿಕೊಂಡು ನೆಗೆದ. ಮುಂಗಾಲು ಲಟಕ್ಕನೆ ಮುರಿದು, ಎಲುಬು ಚರ್ಮ ಸೀಳಿ ಹೊರಬಂತು. ಗಾಡಿ ಅವನ ಮೇಲೆಯೇ ಮಗುಚಿತು. ನಾನು ಅಲ್ಲಿಗೆ ಓಡಿದೆ.

ಅಪ್ಪ ಬಾಯಿಯ ರಕ್ತ ಉಗುಳುತ್ತಾ ತೆವಳಿ ಬಂದು ಆ ಗೊರಸು ಎತ್ತಿದ. ಮೊಳೆ ಮಾಂಸದೊಳಗೆ ಇಳಿದಿತ್ತು.

"ಬೆಳಿಗ್ಗೆ ನೀನ್ ನೋಡ್ಲಿಲ್ವೇನವ್ವ?"

"ಇಲ್ಲ ಕಣಪ್ಪ" ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದ. ಸಡಿಲಾಗಿದ್ದ ಲಾಳವನ್ನು ಬರಿಗೈಯಲ್ಲೇ ಮೊಳೆ ಸಮೇತ ಕಿತ್ತು ನನ್ನ ಅಂಗೈಯಲ್ಲಿಟ್ಟ.

"ಹಿಡ್ಕೊಂಡಿದ್ದೋಳು ನೀನೇ ಅಲ್ವಾ. ಇದ್ನೂ ಹಿಡ್ಕೊ."

ಮೊಳೆ ಇನ್ನೂ ಬೆಚ್ಚಗಿತ್ತು.